ಹಳೆ ಟ್ರ್ಯಾಕ್ಟರಿನ ಬ್ಯಾಟರಿ, ಸೆಲ್ಫ್, ಡೈನಮೋ, ಲೈಟು: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆ ಟ್ರ್ಯಾಕ್ಟರ್ ಇಟ್ಟುಕೊಂಡವರು ಮಾತಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಹೆಚ್ಚಿನವು 12 ವೋಲ್ಟಿನ ಡೀಸೆಲ್ ಗಾಡಿಗಳಿಗೆ ಸೇರಿದವು. ಅಂದರೆ ಬ್ಯಾಟರಿ ಚಾರ್ಜ್ ಮಾಡಲು ಡೈನಮೋ ಇರುವವು, ಇಲ್ಲವೇ ಮೊದಮೊದಲ ಆಲ್ಟರ್ನೇಟರ್ ಇರುವವು. 6 ವೋಲ್ಟಿನ ಗಾಡಿಯ ಮಾತು ಬಂದಲ್ಲಿ ಬೇರೆಯಾಗಿ ಹೇಳಿದ್ದೇನೆ.

## ಶುರು ಮಾಡುವ ಮುಂಚೆ

ನನಗೆ ಕರೆಂಟಿನ ಕೆಲಸ ಏನೂ ಗೊತ್ತಿಲ್ಲ. ಕೈ ಹಾಕಬಹುದಾ? ಶಾಕ್ ಹೊಡೆಯುತ್ತಾ?

ಹಾಕಬಹುದು. 12 ವೋಲ್ಟ್ ಒಣಗಿದ ಕೈಗೆ ಶಾಕ್ ಕೊಡುವುದಿಲ್ಲ. ಆದರೆ ಸುಡುತ್ತದೆ. ಬ್ಯಾಟರಿಯ ಎರಡು ಟರ್ಮಿನಲ್ ನಡುವೆ ಸ್ಪ್ಯಾನರ್ ಬಿದ್ದರೆ ಅದು ಕೆಂಪಗೆ ಕಾಯುತ್ತದೆ, ನಡುವೆ ನಿಮ್ಮ ಉಂಗುರ ಇದ್ದರೆ ಅದೂ ಕಾಯುತ್ತದೆ. ಉಂಗುರ, ವಾಚು, ಬಳೆ ತೆಗೆದಿಟ್ಟೇ ಕೆಲಸಕ್ಕೆ ಕೂರಿ. ಚಾರ್ಜ್ ಆಗುತ್ತಿರುವ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಒಂದು ಕಿಡಿ ಸಾಕು ಅದು ಸಿಡಿಯಲು. ಹತ್ತಿರ ಬೀಡಿ, ಬೆಂಕಿ ಬೇಡ.

ಬ್ಯಾಟರಿ ಬಿಚ್ಚುವಾಗ ಅರ್ಥಿಂಗ್ ಕೇಬಲ್ (ಗಾಡಿಯ ಬಾಡಿಗೆ ಹೋಗುವುದು) ಮೊದಲು ಬಿಚ್ಚಿ. ಹಾಕುವಾಗ ಅದನ್ನೇ ಕೊನೆಗೆ ಹಾಕಿ. ಕಾರಣ ಇಷ್ಟೇ: ಅರ್ಥಿಂಗ್ ಬಿಚ್ಚಿದ ಮೇಲೆ ಇನ್ನೊಂದು ಟರ್ಮಿನಲಿನ ಸ್ಪ್ಯಾನರ್ ಬಾಡಿಗೆ ತಾಗಿದರೂ ಏನೂ ಆಗುವುದಿಲ್ಲ.

ಏನೇನು ಸಾಮಾನು ಇಟ್ಟುಕೊಳ್ಳಬೇಕು?

ಒಂದು ಮಲ್ಟಿಮೀಟರ್, ಒಂದು ಟೆಸ್ಟ್ ಲ್ಯಾಂಪ್, ತಂತಿ ಬ್ರಷ್, ಉಪ್ಪುಕಾಗದ, ಬ್ಯಾಟರಿ ನೀರಿನ ಸಾಂದ್ರತೆ ನೋಡುವ ಹೈಡ್ರೋಮೀಟರ್. ಇಷ್ಟಿದ್ದರೆ ಮುಕ್ಕಾಲು ಪಾಲು ಕೆಲಸ ಆಗುತ್ತದೆ.

ಟೆಸ್ಟ್ ಲ್ಯಾಂಪ್ ಅಂದರೆ 12 ವೋಲ್ಟಿನ 21 ವ್ಯಾಟ್ ಇಂಡಿಕೇಟರ್ ಬಲ್ಬಿಗೆ ಎರಡು ಉದ್ದ ವೈರು ಬೆಸೆದದ್ದು, ಅಷ್ಟೆ. ಮೀಟರ್ ಇದ್ದಮೇಲೆ ಇದು ಯಾಕೆ ಅಂತ ಕೇಳುತ್ತಾರೆ. ಒಂದು ವೈರಿನ ಇಪ್ಪತ್ತು ಎಳೆಗಳಲ್ಲಿ ಹತ್ತೊಂಬತ್ತು ತುಂಡಾಗಿ ಒಂದೇ ಎಳೆ ಉಳಿದಿದ್ದರೂ ಮೀಟರ್ 12 ವೋಲ್ಟ್ ತೋರಿಸುತ್ತದೆ. ಅದಕ್ಕೆ ಕರೆಂಟು ಬೇಕಾಗುವುದೇ ಇಲ್ಲವಲ್ಲ. ಬಲ್ಬಿಗೆ ಪೌಣೆರಡು ಆಂಪಿಯರ್ ಬೇಕು. ಕಿಲುಬು ಹಿಡಿದ ದಾರಿಯಲ್ಲಿ ಅದು ಮಂಕಾಗಿಬಿಡುತ್ತದೆ. ಕೆಲಸದ ಹೊರೆ ಹಾಕದೆ ಯಾವ ವೈರನ್ನೂ ನಂಬಬೇಡಿ. ಮುಂದಿನ ಉತ್ತರಗಳಲ್ಲಿ ಅರ್ಧಕ್ಕರ್ಧ ಈ ಒಂದು ಮಾತಿನ ಮೇಲೇ ನಿಂತಿವೆ.

ಬ್ಯಾಟರಿ ಬಿಚ್ಚಿಟ್ಟರೂ ಎಂಜಿನ್ ಓಡುತ್ತಲೇ ಇರುತ್ತೆ. ಇದು ಸರಿಯಾ?

ಹಳೆ ಡೀಸೆಲ್ ಗಾಡಿಯಲ್ಲಿ ಸರಿ. ಪಂಪು ಎಂಜಿನ್ನಿನಿಂದಲೇ ತಿರುಗುತ್ತದೆ, ಡೀಸೆಲ್ ಒತ್ತಡದ ಬಿಸಿಗೇ ಹೊತ್ತಿಕೊಳ್ಳುತ್ತದೆ. ಕರೆಂಟಿನ ಹಂಗಿಲ್ಲ. ಅದಕ್ಕೇ ಕೀ ಆಫ್ ಮಾಡಿದರೂ ನಿಲ್ಲದೆ, ಸ್ಟಾಪರ್ ಎಳೆದರೆ ಮಾತ್ರ ನಿಲ್ಲುತ್ತದೆ. ಹಾಗಾಗಿ ಓಡುತ್ತಾ ಓಡುತ್ತಾ ಎಂಜಿನ್ ಆಫ್ ಆಯಿತು ಅಂದರೆ ವೈರಿಂಗ್ ಬಿಟ್ಟು ಡೀಸೆಲ್ ಲೈನು, ಫಿಲ್ಟರು, ಗಾಳಿ ಹಿಡಿದಿರುವುದನ್ನು ನೋಡಿ. ಕೀಯಿಂದಲೇ ನಿಲ್ಲುವ, ಪಂಪಿನ ಮೇಲೆ ಸೊಲೆನಾಯ್ಡ್ (ಕರೆಂಟು ಕೊಟ್ಟರೆ ಕಾಂತದಂತೆ ಎಳೆಯುವ ಸುರುಳಿ) ಇರುವ ಗಾಡಿಗಳು ಬೇರೆ. ಅಲ್ಲಿ ಆ ಒಂದು ವೈರು ಕಳಚಿದರೂ ಎಂಜಿನ್ ನಿಲ್ಲುತ್ತದೆ.

ಪೆಟ್ರೋಲ್, ಸೀಮೆಎಣ್ಣೆ ಗಾಡಿಯಲ್ಲಿ ಕಾಯಿಲ್ ಇದ್ದರೆ ಬ್ಯಾಟರಿ ಬೇಕೇ ಬೇಕು. ಮ್ಯಾಗ್ನೆಟೋ ಇದ್ದರೆ ಕಿಡಿ ತಾನೇ ಹುಟ್ಟಿಸಿಕೊಳ್ಳುತ್ತದೆ.

ಒಂದು ಎಚ್ಚರಿಕೆ. ಓಡುವಾಗ ಬ್ಯಾಟರಿ ಕೇಬಲ್ ಬಿಚ್ಚಿ "ಚಾರ್ಜಿಂಗ್ ಇದೆಯಾ" ಅಂತ ನೋಡುವ ಹಳೆ ಚಾಳಿ ಇದೆ. ಆಲ್ಟರ್ನೇಟರ್ ಇರುವ ಗಾಡಿಯಲ್ಲಿ ಹಾಗೆ ಮಾಡಿದರೆ ವೋಲ್ಟೇಜ್ ಒಮ್ಮೆಲೇ ಎಗರಿ ಅದರ ಡಯೋಡು (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ), ರೆಗ್ಯುಲೇಟರ್ (ವೋಲ್ಟನ್ನು ಮಿತಿಯಲ್ಲಿಡುವ ಭಾಗ) ಸುಟ್ಟುಹೋಗುತ್ತವೆ.

ನಮ್ಮ ಗಾಡಿ ಪಾಸಿಟಿವ್ ಅರ್ಥಿಂಗ್ ಅಂತ ಹೇಳ್ತಾರೆ. ಹಾಗಂದ್ರೇನು, ಹೇಗೆ ಗೊತ್ತಾಗುತ್ತೆ?

ಈಗಿನ ಗಾಡಿಗಳಲ್ಲಿ ಬ್ಯಾಟರಿಯ ಮೈನಸ್ ಕೇಬಲ್ ಬಾಡಿಗೆ ಹೋಗುತ್ತದೆ. ಹಳೆಯ ಎಷ್ಟೋ ಗಾಡಿಗಳಲ್ಲಿ ಪ್ಲಸ್ ಬಾಡಿಗೆ ಹೋಗುತ್ತಿತ್ತು. 1947ರಿಂದ 1952ರವರೆಗೆ ಬಂದ ಫೋರ್ಡ್ 8ಎನ್ ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ: 6 ವೋಲ್ಟ್, ಪಾಸಿಟಿವ್ ಅರ್ಥಿಂಗ್.

ಬಾಡಿಗೆ ಹೋಗುವ ಕೇಬಲ್ ಯಾವ ಟರ್ಮಿನಲಿನಿಂದ ಹೊರಟಿದೆ ಅಂತ ಕಣ್ಣಾರೆ ನೋಡಿ. ಕೇಬಲಿನ ಬಣ್ಣ ನಂಬಬೇಡಿ. ಐವತ್ತು ವರ್ಷದಲ್ಲಿ ಎಷ್ಟು ಕೈ ದಾಟಿದೆಯೋ! ಬ್ಯಾಟರಿ ಮೇಲೆ ಕೊರೆದ ಪ್ಲಸ್, ಮೈನಸ್ ಗುರುತು ನೋಡಿ. ಅದೂ ಅಳಿಸಿದ್ದರೆ ದಪ್ಪಗಿರುವ ಟರ್ಮಿನಲ್ ಪ್ಲಸ್.

ಡೈನಮೋ ಇರುವ ಗಾಡಿಗೆ ಬ್ಯಾಟರಿ ಉಲ್ಟಾ ಹಾಕಿದರೆ ಸಾಮಾನ್ಯವಾಗಿ ಸರಿಪಡಿಸಿಕೊಳ್ಳಬಹುದು. ಆಲ್ಟರ್ನೇಟರಿಗೆ ಹಾಗೆ ಹಾಕಿದರೆ ಕೇಬಲ್ ತಾಗಿದ ಕ್ಷಣಕ್ಕೇ ಡಯೋಡುಗಳು ಹೋದವು ಅಂತಲೇ ತಿಳಿಯಿರಿ.

## ಬ್ಯಾಟರಿ

ಬ್ಯಾಟರಿ ಚೆನ್ನಾಗಿದೆಯೋ ಇಲ್ಲವೋ ಮನೆಯಲ್ಲೇ ನೋಡೋದು ಹೇಗೆ?

ರಾತ್ರಿಯಿಡೀ ಸುಮ್ನೆ ಬಿಟ್ಟು ಬೆಳಗ್ಗೆ ಅಳೆಯಿರಿ. 12.6 ವೋಲ್ಟ್ ಅಥವಾ ಸ್ವಲ್ಪ ಜಾಸ್ತಿ ಇದ್ದರೆ ಪೂರ್ತಿ ಚಾರ್ಜ್. 12.2 ಅಂದರೆ ಹೆಚ್ಚುಕಮ್ಮಿ ಅರ್ಧ. 12ಕ್ಕಿಂತ ಕೆಳಗೆ ಬಂದರೆ ಖಾಲಿಯ ಹತ್ತಿರ. ಎಷ್ಟು ಚಾರ್ಜ್ ಮಾಡಿದರೂ 10.5ರ ಸುತ್ತಲೇ ನಿಂತಿದ್ದರೆ ಆರು ಸೆಲ್ಲಿನಲ್ಲಿ ಒಂದು ಸತ್ತಿದೆ. 6 ವೋಲ್ಟಿನ ಬ್ಯಾಟರಿಗೆ ಪೂರ್ತಿ ಚಾರ್ಜ್ ಅಂದರೆ 6.3.

ಇದು ಅರ್ಧ ಕಥೆ. ಈಗ ಸ್ಟಾಪರ್ ಎಳೆದು ಹಿಡಿದು, ಎಂಜಿನ್ ಶುರುವಾಗದ ಹಾಗೆ ಮಾಡಿ, ಇನ್ನೊಬ್ಬರಿಗೆ ಹತ್ತು ಸೆಕೆಂಡ್ ಸೆಲ್ಫ್ ಹೊಡೆಯಲು ಹೇಳಿ. ಮೀಟರ್ ಬ್ಯಾಟರಿ ಟರ್ಮಿನಲಿನ ಮೇಲೇ ಇರಲಿ. ಪೂರ್ತಿ ಚಾರ್ಜ್ ಆದ ಬ್ಯಾಟರಿ 9.6ಕ್ಕಿಂತ ಕೆಳಗೆ ಇಳಿಯಬಾರದು. ಎಂಟಕ್ಕೋ ಏಳಕ್ಕೋ ಬಿದ್ದರೆ ಬ್ಯಾಟರಿ ಸೋತಿದೆ, ಇಲ್ಲವೇ ಸೆಲ್ಫ್ ಮೋಟಾರ್ ಅತಿಯಾಗಿ ಕರೆಂಟು ಎಳೆಯುತ್ತಿದೆ. ಗೊತ್ತಿರುವ ಒಂದು ಒಳ್ಳೆ ಬ್ಯಾಟರಿ ಹಾಕಿ ನೋಡಿದರೆ ಯಾವುದು ಅಂತ ಗೊತ್ತಾಗುತ್ತದೆ.

ಮುಚ್ಚಳ ತೆಗೆಯಬಹುದಾದ ಬ್ಯಾಟರಿ ಆದರೆ ಹೈಡ್ರೋಮೀಟರ್ ಇನ್ನೂ ನಂಬಿಕೆಯದು. ಚಾರ್ಜ್ ಆದ ಸೆಲ್ 1.260ರ ಆಸುಪಾಸು, ಅರ್ಧ ಆದರೆ 1.190ರ ಆಸುಪಾಸು ತೋರಿಸುತ್ತದೆ. ಒಂದು ಸೆಲ್ ಮಿಕ್ಕವಕ್ಕಿಂತ 0.050 ಕಮ್ಮಿ ಇದ್ದರೆ ಆ ಬ್ಯಾಟರಿಯ ಕಾಲ ಮುಗಿಯಿತು. ನೀರು ಇಳಿದಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಆಸಿಡ್ ಹಾಕಬೇಡಿ. ಆವಿಯಾಗಿ ಹೋಗಿರುವುದು ನೀರು, ಆಸಿಡ್ ಅಲ್ಲ.

ಹೊಸ ಬ್ಯಾಟರಿನೇ. ನಾಲ್ಕೈದು ದಿನ ನಿಲ್ಲಿಸಿದ್ರೆ ಡೌನ್ ಆಗಿರುತ್ತೆ. ಯಾಕೆ?

ಎಲ್ಲೋ ಸೋರುತ್ತಿದೆ. ಎಲ್ಲ ಸ್ವಿಚ್ ಆಫ್ ಮಾಡಿ, ಅರ್ಥಿಂಗ್ ಕೇಬಲ್ ಬಿಚ್ಚಿ, ಆ ಕೇಬಲಿಗೂ ಟರ್ಮಿನಲಿಗೂ ನಡುವೆ ಮೊದಲು ಟೆಸ್ಟ್ ಲ್ಯಾಂಪ್ ಇಡಿ. ಉರಿದರೆ ಸೋರಿಕೆ ದೊಡ್ಡದು. ಉರಿಯದಿದ್ದರೆ ಅದೇ ಜಾಗದಲ್ಲಿ ಮೀಟರನ್ನು ಆಂಪಿಯರಿಗೆ ತಿರುಗಿಸಿ ಇಡಿ. ಅದು ಇಟ್ಟಿರುವಾಗ ಸೆಲ್ಫ್ ಮುಟ್ಟಬೇಡಿ, ಮೀಟರಿನ ಫ್ಯೂಸ್ ಹಾರುತ್ತದೆ.

ಗಡಿಯಾರ, ರೇಡಿಯೋ ಇಲ್ಲದ ಹಳೆ ಗಾಡಿಯಲ್ಲಿ ಸೊನ್ನೆ ಬರಬೇಕು. ಆಲ್ಟರ್ನೇಟರ್ ಇದ್ದರೆ ಕೆಲವೇ ಮಿಲಿ ಆಂಪಿಯರ್ ಇರಬಹುದು. ಅರ್ಧ ಆಂಪಿಯರ್ ಸೋರಿದರೂ 75 ಆಂಪಿಯರ್ ಅವರಿನ ಬ್ಯಾಟರಿ ಆರು ದಿನಕ್ಕೆ ಖಾಲಿ. ಲೆಕ್ಕ ಸರಿಹೋಯಿತಲ್ವಾ?

ಈಗ ಒಂದೊಂದೇ ದಾರಿ ಬಿಚ್ಚುತ್ತಾ ಬನ್ನಿ. ನನ್ನ ಪ್ರಕಾರ ಮೊದಲು ಡೈನಮೋ ಅಥವಾ ಆಲ್ಟರ್ನೇಟರಿನ ದಪ್ಪ ವೈರು. ಅಂಟಿಕೊಂಡ ಕಟೌಟ್ (ಡೈನಮೋ ನಿಂತಾಗ ಅದನ್ನು ಬ್ಯಾಟರಿಯಿಂದ ಬೇರೆ ಮಾಡುವ ಸ್ವಿಚ್), ಕೆಟ್ಟ ಡಯೋಡು ಎರಡೂ ಅಲ್ಲೇ ಸಿಕ್ಕಿಬೀಳುತ್ತವೆ. ಆಮೇಲೆ ಬ್ರೇಕ್ ಲೈಟ್ ಸ್ವಿಚ್, ಆಮೇಲೆ ಹಾರ್ನ್. ಯಾವುದನ್ನು ಬಿಚ್ಚಿದಾಗ ಮೀಟರ್ ಸೊನ್ನೆಗೆ ಬರುತ್ತದೋ ಅದೇ ಕಳ್ಳ. ಬ್ಯಾಟರಿ ಮೇಲೆ ಆಸಿಡ್ ಬೆರೆತ ಒದ್ದೆ ಧೂಳಿದ್ದರೂ ಅದರ ಮೂಲಕ ಸಣ್ಣಗೆ ಸೋರುತ್ತದೆ. ಅಡುಗೆ ಸೋಡಾ ಕಲಸಿದ ನೀರಲ್ಲಿ ಒರೆಸಿ. ಆ ನೀರು ಸೆಲ್ಲಿನ ಒಳಗೆ ಇಳಿಯಬಾರದು, ಅಷ್ಟೇ.

ಬೇರೆ ಗಾಡಿಯಿಂದ ಕೇಬಲ್ ಕೊಟ್ಟು ಸ್ಟಾರ್ಟ್ ಮಾಡೋ ಸರಿಯಾದ ಕ್ರಮ ಯಾವುದು?

ಎರಡೂ ಗಾಡಿಯ ವೋಲ್ಟ್ ಒಂದೇ ಇರಲಿ, ಅರ್ಥಿಂಗ್ ಒಂದೇ ಬಗೆ ಇರಲಿ, ಗಾಡಿಗಳು ಒಂದಕ್ಕೊಂದು ತಾಗದಿರಲಿ. ಪ್ಲಸ್ಸಿಗೆ ಪ್ಲಸ್ ಮೊದಲು. ಆಮೇಲೆ ಚೆನ್ನಾಗಿರುವ ಬ್ಯಾಟರಿಯ ಮೈನಸ್. ಕೊನೆಯ ತುದಿ ಸತ್ತ ಬ್ಯಾಟರಿಯ ಮೈನಸ್ಸಿಗಲ್ಲ, ಟ್ರ್ಯಾಕ್ಟರಿನ ಎಂಜಿನ್ ಮೈಗೆ, ಬ್ಯಾಟರಿಯಿಂದ ದೂರದಲ್ಲಿ ಪೇಂಟ್ ಇಲ್ಲದ ಕಬ್ಬಿಣಕ್ಕೆ. ಕೊನೆಯ ತುದಿ ತಾಗುವಾಗ ಕಿಡಿ ಬರುತ್ತದೆ. ಆ ಕಿಡಿ ಬ್ಯಾಟರಿ ಮೇಲೆ ಬೇಡ. ತೆಗೆಯುವಾಗ ಇದೇ ಕ್ರಮ ಉಲ್ಟಾ. ಪಾಸಿಟಿವ್ ಅರ್ಥಿಂಗ್ ಗಾಡಿಯಲ್ಲಿ ಬಾಡಿಗೆ ಹೋಗುವುದು ಪ್ಲಸ್ ಅನ್ನುವುದು ನೆನಪಿರಲಿ.

## ಸೆಲ್ಫ್

ಕೀ ತಿರುಗಿಸಿದ್ರೆ ಒಂದೇ ಸಲ "ಟಕ್" ಅಂದು ಸುಮ್ಮನಾಗುತ್ತೆ. ಸೆಲ್ಫ್ ಹೋಗಿದೆಯಾ?

ಇರಬಹುದು, ಆದರೆ ಬಿಚ್ಚಬೇಡಿ. ನಾನೂ ಒಮ್ಮೆ ಹೀಗೇ ಸೆಲ್ಫ್ ಮೋಟಾರ್ ಬಿಚ್ಚಿ, ಕಾರ್ಬನ್ (ತಿರುಗುವ ಭಾಗಕ್ಕೆ ಕರೆಂಟು ದಾಟಿಸುವ ತುಂಡು) ಬದಲಿಸಿ, ಬುಷ್ ಬದಲಿಸಿ, ಮತ್ತೆ ಕೂರಿಸಿದೆ. ಅದೇ "ಟಕ್". ಕೊನೆಗೆ ನೋಡಿದರೆ ಅರ್ಥಿಂಗ್ ಕೇಬಲ್ ಬಾಡಿಗೆ ಕೂತ ಜಾಗದಲ್ಲಿ ಪೇಂಟಿನ ಮೇಲೆ ಪೇಂಟ್. ಎರಡು ದಿನದ ಕೆಲಸ ಉಪ್ಪುಕಾಗದದಲ್ಲಿ ಎರಡು ನಿಮಿಷಕ್ಕೆ ಮುಗಿಯಿತು.

ಲೆಕ್ಕ ಹೀಗಿದೆ. ಡೀಸೆಲ್ ಟ್ರ್ಯಾಕ್ಟರಿನ ಸೆಲ್ಫ್ 200, 300 ಆಂಪಿಯರ್ ಎಳೆಯುತ್ತದೆ. ದಾರಿಯಲ್ಲಿ ಒಂದು ಓಮಿನ ಇನ್ನೂರರಲ್ಲೊಂದು ಪಾಲು ಅಡ್ಡಿ ಇದ್ದರೂ 300 ಆಂಪಿಯರಿಗೆ ಒಂದೂವರೆ ವೋಲ್ಟ್ ಅಲ್ಲೇ ಬಿಸಿಯಾಗಿ ಹೋಗುತ್ತದೆ. ಇಷ್ಟು ಸಣ್ಣ ಅಡ್ಡಿಯನ್ನು ಓಮ್ ಮೀಟರಿನಲ್ಲಿ ಹಿಡಿಯಲು ಆಗುವುದಿಲ್ಲ. ವೋಲ್ಟೇಜ್ ಇಳಿತ ನೋಡಿಯೇ ಹಿಡಿಯಬೇಕು.

ಮೈನಸ್ ಅರ್ಥಿಂಗ್ ಗಾಡಿ ಅಂತಿಟ್ಟುಕೊಳ್ಳಿ. ಮೀಟರ್ ವೋಲ್ಟಿನಲ್ಲಿ ಇರಲಿ. ಒಂದು ಕಡ್ಡಿ ಬ್ಯಾಟರಿಯ ಪ್ಲಸ್ ಟರ್ಮಿನಲಿನ ಸೀಸದ ಮೇಲೇ ಇಡಿ, ಅದರ ಕ್ಲ್ಯಾಂಪಿನ ಮೇಲಲ್ಲ. ಇನ್ನೊಂದು ಸೆಲ್ಫ್ ಮೋಟಾರಿನ ದಪ್ಪ ಬೋಲ್ಟಿನ ಮೇಲೆ. ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಜಾಸ್ತಿ ಬಂದರೆ ಆ ದಾರಿಯಲ್ಲಿ ತೊಂದರೆ. ಈಗ ಒಂದು ಕಡ್ಡಿ ಮೈನಸ್ ಟರ್ಮಿನಲಿನ ಸೀಸಕ್ಕೆ, ಇನ್ನೊಂದು ಸೆಲ್ಫ್ ಮೋಟಾರಿನ ಮೈಗೆ. ಇಲ್ಲಿ 0.3ಕ್ಕಿಂತ ಜಾಸ್ತಿ ಬಂದರೆ ಅರ್ಥಿಂಗ್ ಸರಿಯಿಲ್ಲ. ಆಮೇಲೆ ಒಂದೊಂದೇ ಗಂಟು ದಾಟುತ್ತಾ ಬನ್ನಿ: ಸೀಸದಿಂದ ಕ್ಲ್ಯಾಂಪಿಗೆ, ಕ್ಲ್ಯಾಂಪಿನಿಂದ ಕೇಬಲಿಗೆ, ಸೊಲೆನಾಯ್ಡಿನ ಒಂದು ಬೋಲ್ಟಿನಿಂದ ಇನ್ನೊಂದಕ್ಕೆ. ವೋಲ್ಟ್ ಎಲ್ಲಿ ಎಗರಿತೋ ಅಲ್ಲೇ ರೋಗ.

ಎಲ್ಲ ಗಂಟೂ ಚೆನ್ನಾಗಿದ್ದು, ಮೋಟಾರಿನ ಬೋಲ್ಟಿಗೆ ಪೂರ್ತಿ ವೋಲ್ಟ್ ಬರುತ್ತಿದ್ದು, ಅದು ತಿರುಗದಿದ್ದರೆ ಮಾತ್ರ ಮೋಟಾರ್ ಕೆಳಗಿಳಿಸಿ.

ಒಂದೇ ಸಮನೆ "ಟಕ ಟಕ ಟಕ" ಅಂತ ಬಡ್ಕೊಳ್ಳುತ್ತೆ. ಇದೂ ಅದೇನಾ?

ಹೆಚ್ಚಾಗಿ ಬ್ಯಾಟರಿ ಡೌನ್. ಸೊಲೆನಾಯ್ಡ್ ಕಚ್ಚಿದ ಕೂಡಲೇ ಮೋಟಾರ್ ಕರೆಂಟು ಎಳೆಯುತ್ತದೆ, ವೋಲ್ಟ್ ಬೀಳುತ್ತದೆ, ಸೊಲೆನಾಯ್ಡ್ ಬಿಡುತ್ತದೆ, ವೋಲ್ಟ್ ಏರುತ್ತದೆ, ಮತ್ತೆ ಕಚ್ಚುತ್ತದೆ. ಬಡಿದಾಟ ಅದರದ್ದು. ಟರ್ಮಿನಲ್ ಲೂಸ್ ಇದ್ದರೂ ಹೀಗಾಗಬಹುದು. ಒಂದು ಸಲ ಹೊಡೆದು ಕ್ಲ್ಯಾಂಪ್ ಮುಟ್ಟಿ ನೋಡಿ, ಬಿಸಿಯಾಗಿದ್ದರೆ ಅದೇ.

ಏನೂ ಸದ್ದೇ ಇಲ್ಲ. ಲೈಟು ಮಾತ್ರ ಚೆನ್ನಾಗಿ ಉರಿಯುತ್ತೆ.

ದಪ್ಪ ದಾರಿಯ ಮಾತಲ್ಲ, ಸಣ್ಣ ವೈರಿನ ಮಾತು. ಕೀ ತಿರುಗಿಸಿ ಹಿಡಿದಾಗ ಸೊಲೆನಾಯ್ಡಿನ ಸಣ್ಣ ಟರ್ಮಿನಲಿಗೆ ಟೆಸ್ಟ್ ಲ್ಯಾಂಪ್ ಉರಿಯುತ್ತದಾ? ಉರಿದೂ ಟಕ್ ಅನ್ನದಿದ್ದರೆ ಸೊಲೆನಾಯ್ಡ್ ಸತ್ತಿದೆ, ಇಲ್ಲವೇ ಅದರ ಅರ್ಥಿಂಗ್ ಇಲ್ಲ. ಉರಿಯದಿದ್ದರೆ ಹಿಂದಕ್ಕೆ ಬನ್ನಿ: ಸೇಫ್ಟಿ ಸ್ವಿಚ್, ಕೀ ಸ್ವಿಚ್, ಫ್ಯೂಸ್.

ಸೇಫ್ಟಿ ಸ್ವಿಚ್ ಗೇರ್ ಲಿವರಿನ ಬುಡದಲ್ಲೋ ಕ್ಲಚ್ ಪೆಡಲಿನ ಕೆಳಗೋ ಇರುತ್ತದೆ. ನ್ಯೂಟ್ರಲ್ ಇಲ್ಲದಾಗ ಸೆಲ್ಫ್ ತಿರುಗದಂತೆ ತಡೆಯುವುದು ಅದರ ಕೆಲಸ. 1946ರಲ್ಲಿ ಬಂದ ಫರ್ಗ್ಯುಸನ್ ಟಿಇ20 ಗಾಡಿಯಲ್ಲಿ ಇದನ್ನು ಇನ್ನೂ ಚೆನ್ನಾಗಿ ಮಾಡಿದ್ದರು. ಗೇರ್ ಲಿವರನ್ನೇ "ಎಸ್" ಗುರುತಿನ ಕಡೆ ತಳ್ಳಿದರೆ ಸೆಲ್ಫ್ ತಿರುಗುತ್ತಿತ್ತು. ಲಿವರ್ ಅಲ್ಲಿದ್ದರೆ ಗೇರಿನಲ್ಲಿ ಇರಲು ಸಾಧ್ಯವೇ ಇಲ್ಲ! ಲಿವರ್ ಸ್ವಲ್ಪ ಅಲ್ಲಾಡಿಸಿದಾಗ ಸೆಲ್ಫ್ ಹಿಡಿದರೆ ಸ್ವಿಚ್ಚಿನ ಹೊಂದಾಣಿಕೆ ತಪ್ಪಿದೆ ಅಂತ ಅರ್ಥ. ಸರಿಮಾಡಿ. ವೈರು ನೇರ ಜೋಡಿಸಿ ಸ್ವಿಚ್ಚನ್ನೇ ದಾಟಿಸಬೇಡಿ.

ಸ್ಕ್ರೂ ಡ್ರೈವರ್ ಇಟ್ಟು ಸೆಲ್ಫ್ ಶಾರ್ಟ್ ಮಾಡಿ ಸ್ಟಾರ್ಟ್ ಮಾಡ್ತೀವಿ. ಏನೂ ಆಗಲ್ಲ ಅಲ್ವಾ?

ಆಗುತ್ತದೆ. ನೀವು ನಿಂತಿರುವುದು ನೆಲದ ಮೇಲೆ, ಹಿಂದಿನ ದೊಡ್ಡ ಗಾಲಿಯ ಮುಂದೆ. ಸ್ಕ್ರೂ ಡ್ರೈವರ್ ಸೇಫ್ಟಿ ಸ್ವಿಚ್ಚನ್ನು ದಾಟಿ ಕರೆಂಟು ಕೊಡುತ್ತದೆ. ಗಾಡಿ ಗೇರಿನಲ್ಲಿದ್ದರೆ ಡೀಸೆಲ್ ಎಂಜಿನ್ ಒಂದೇ ಸುತ್ತಿಗೆ ಹಿಡಿದು ಮುಂದೆ ಬರುತ್ತದೆ, ನಿಮಗೆ ಹಿಂದೆ ಸರಿಯಲು ಸಮಯವೇ ಸಿಗುವುದಿಲ್ಲ. ಟ್ರ್ಯಾಕ್ಟರ್ ಮೈಮೇಲೆ ಹತ್ತಿ ಸತ್ತವರಲ್ಲಿ ಹೀಗೆ ಸ್ಟಾರ್ಟ್ ಮಾಡಿದವರೂ ಇದ್ದಾರೆ. ನನ್ನ ಹತ್ತಿರ ಯಾರು ಈ ಉಪಾಯ ಕೇಳಿದರೂ ಹೇಳಿಕೊಡುವುದಿಲ್ಲ. ಸೀಟಿನ ಮೇಲೆ ಕೂತೇ ಸ್ಟಾರ್ಟ್ ಮಾಡಿ.

ಸೆಲ್ಫ್ "ಗಿರ್ರ್" ಅಂತ ತಿರುಗುತ್ತೆ, ಎಂಜಿನ್ ತಿರುಗಲ್ಲ.

ಕರೆಂಟು ಸರಿಯಾಗಿದೆ, ಹಲ್ಲು ಕಚ್ಚುತ್ತಿಲ್ಲ. ಪಿನಿಯನ್ (ಸೆಲ್ಫಿನ ಸಣ್ಣ ಹಲ್ಲುಗಾಲಿ) ಜಾರುವ ಶಾಫ್ಟಿನ ಮೇಲೆ ಗ್ರೀಸು ಧೂಳು ಗಟ್ಟಿಯಾಗಿ ಅಂಟಿಕೊಂಡಿರುತ್ತದೆ, ಇಲ್ಲವೇ ಪಿನಿಯನ್ನಿನ ಕ್ಲಚ್ ಸವೆದಿರುತ್ತದೆ. ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ. ಕರಕರ ಸದ್ದು ಬಂದರೆ ಫ್ಲೈವೀಲಿನ ಹಲ್ಲು ನೋಡಿ.

ಚಳಿಗಾಲದ ಬೆಳಗ್ಗೆ ಮಾತ್ರ ಸ್ಟಾರ್ಟ್ ಆಗಲ್ಲ. ಹೀಟರ್ ಪ್ಲಗ್ ಹೋಗಿದೆಯಾ ಹೇಗೆ ತಿಳಿಯೋದು?

ಪ್ಲಗ್‌ಗಳನ್ನು ಜೋಡಿಸುವ ಪಟ್ಟಿ ಬಿಚ್ಚಿ. ಟೆಸ್ಟ್ ಲ್ಯಾಂಪಿನ ಒಂದು ತುದಿ ಬ್ಯಾಟರಿಯ ಬಾಡಿಗೆ ಹೋಗದ ಟರ್ಮಿನಲಿಗೆ, ಇನ್ನೊಂದು ಪ್ಲಗ್ಗಿನ ತಲೆಗೆ. ಉರಿದರೆ ಒಳಗಿನ ತಂತಿ ಉಳಿದಿದೆ. ಕೆಲವು ಹಳೆ ಎಂಜಿನ್ನುಗಳಲ್ಲಿ ಪ್ಲಗ್‌ಗಳು ಒಂದರ ಹಿಂದೆ ಒಂದು ಸರಣಿಯಲ್ಲಿರುತ್ತವೆ. ಅಲ್ಲಿ ಒಂದು ಹೋದರೆ ಎಲ್ಲವೂ ತಣ್ಣಗೆ. ಅಂಥ ಪ್ಲಗ್ಗಿಗೆ ಎರಡು ತುದಿ ಇರುತ್ತವೆ, ಲ್ಯಾಂಪ್ ಆ ಎರಡರ ಮೂಲಕ ಉರಿಯಬೇಕು. ಗಾಳಿ ಒಳಹೋಗುವ ಕೊಳವೆಯಲ್ಲಿ ಒಂದೇ ಥರ್ಮೋಸ್ಟಾರ್ಟ್ (ಡೀಸೆಲ್ ಉರಿಸಿ ಗಾಳಿ ಬಿಸಿಮಾಡುವ ಹೀಟರ್) ಇದ್ದರೆ, ಹದಿನೈದು ಸೆಕೆಂಡ್ ಹಿಡಿದು ಅದರ ಹತ್ತಿರ ಕೈ ಇಟ್ಟು ನೋಡಿ, ಬಿಸಿ ಗೊತ್ತಾಗಬೇಕು. ಅದಕ್ಕೆ ಡೀಸೆಲ್ ಬರುವ ಸಣ್ಣ ಪೈಪೂ ಕಟ್ಟಿರಬಾರದು.

ಹೀಟರ್ ಇರುವ ಎಂಜಿನ್ನಿಗೆ ಈಥರ್ ಸ್ಪ್ರೇ ಹೊಡೆಯಬೇಡಿ. ಕಾದ ತಂತಿಗೆ ತಾಗಿ ಕೊಳವೆಯಲ್ಲೇ ಸಿಡಿಯುತ್ತದೆ.

## ಚಾರ್ಜಿಂಗ್

ಚಾರ್ಜ್ ಆಗ್ತಿದೆಯಾ ಅಂತ ಬೇಗ ನೋಡೋದು ಹೇಗೆ? ಆಂಪಿಯರ್ ಮೀಟರ್ ಸೊನ್ನೆಯಲ್ಲೇ ನಿಂತಿದೆ.

ಸೊನ್ನೆ ಅಂದರೆ ಕೆಟ್ಟಿದೆ ಅಂತಲ್ಲ. ಬ್ಯಾಟರಿ ತುಂಬಿದ್ದರೆ ಮುಳ್ಳು ಸೊನ್ನೆಯ ಹತ್ತಿರವೇ ಇರುತ್ತದೆ. ಸ್ಟಾರ್ಟ್ ಆದ ಕೂಡಲೇ ಪ್ಲಸ್ ಕಡೆ ಹೋಗಿ ನಿಧಾನಕ್ಕೆ ಇಳಿದರೆ ಆರೋಗ್ಯವಾಗಿದೆ.

ಮಲ್ಟಿಮೀಟರನ್ನು ಬ್ಯಾಟರಿಗೆ ಇಟ್ಟು ಎಂಜಿನ್ ಅರ್ಧ ರೇಸ್ ಮಾಡಿ. 13.8ರಿಂದ 14.5 ಬಂದರೆ ಚಾರ್ಜ್ ಆಗುತ್ತಿದೆ. 12.5ರಲ್ಲೇ ನಿಂತರೆ ಇಲ್ಲ. 6 ವೋಲ್ಟ್ ಗಾಡಿಗೆ ಏಳಕ್ಕಿಂತ ಸ್ವಲ್ಪ ಮೇಲೆ ಬರಬೇಕು. ಡೈನಮೋ ಸ್ಲೋ ಸ್ಪೀಡಿನಲ್ಲಿ ಚಾರ್ಜ್ ಮಾಡುವುದೇ ಇಲ್ಲ, ಅದು ಅದರ ಗುಣ. ಸ್ಲೋದಲ್ಲಿ ಚಾರ್ಜಿಂಗ್ ದೀಪ ಉರಿದು ರೇಸ್ ಮಾಡಿದಾಗ ಆರಿದರೆ ಗಾಬರಿ ಬೇಡ.

ಡೈನಮೋ ಚಾರ್ಜ್ ಮಾಡ್ತಿಲ್ಲ. ಡೈನಮೋ ತಪ್ಪೋ, ಕಟೌಟ್ ತಪ್ಪೋ?

ಮೊದಲು ಬೆಲ್ಟ್. ಎರಡು ಪುಲ್ಲಿಯ ನಡುವೆ ಹೆಬ್ಬೆರಳಲ್ಲಿ ಒತ್ತಿದರೆ ಒಂದೂಕಾಲು ಸೆಂಟಿಮೀಟರ್ ಬಗ್ಗಬೇಕು, ಜಾಸ್ತಿ ಬಗ್ಗಿದರೆ ಬಿಗಿ ಮಾಡಿ.

ಆಮೇಲೆ ಇಬ್ಬರನ್ನೂ ಬೇರೆ ಮಾಡಬೇಕು. ಎರಡು ಟರ್ಮಿನಲಿನ ಲೂಕಾಸ್ ಬಗೆಯ ಡೈನಮೋ ಆದರೆ ದೊಡ್ಡದು "ಡಿ", ಸಣ್ಣದು "ಎಫ್". ಎಂಜಿನ್ ನಿಲ್ಲಿಸಿ ಎರಡೂ ವೈರು ಬಿಚ್ಚಿ, ಗುರುತು ಹಾಕಿ, ಬಾಡಿಗೆ ತಾಗದಂತೆ ಕಟ್ಟಿಡಿ. ಒಂದು ತುಂಡು ವೈರಿನಿಂದ ಡೈನಮೋದ ಡಿ ಮತ್ತು ಎಫ್ ಒಂದಕ್ಕೊಂದು ಜೋಡಿಸಿ. ಆ ಜೋಡಣೆಗೂ ಡೈನಮೋ ಮೈಗೂ ನಡುವೆ ಮೀಟರ್ ಇಡಿ. ಎಂಜಿನ್ ಸ್ಲೋದಲ್ಲಿ ಬಿಟ್ಟು ನಿಧಾನಕ್ಕೆ ಏರಿಸಿ. ವೋಲ್ಟ್ ತಡವರಿಸದೆ ಸರಸರ ಏರಬೇಕು. 20 ಮುಟ್ಟುವುದರೊಳಗೆ ರೇಸ್ ಇಳಿಸಿಬಿಡಿ. ತಡೆಯುವವರು ಯಾರೂ ಇಲ್ಲದ ಡೈನಮೋ ಇದು. ಇನ್ನೂ ಏರಿಸಿದರೆ ತನ್ನನ್ನೇ ಸುಟ್ಟುಕೊಳ್ಳುತ್ತದೆ.

ಸರಸರ ಏರಿದರೆ ಡೈನಮೋ ಚೆನ್ನಾಗಿದೆ, ತಪ್ಪು ವೈರಿನಲ್ಲೋ ಕಟೌಟ್ ಡಬ್ಬಿಯಲ್ಲೋ. ಏನೂ ಬಾರದಿದ್ದರೆ ಕಾರ್ಬನ್ ನೋಡಿ. ಸವೆದಿರುತ್ತದೆ ಅಥವಾ ಹೋಲ್ಡರಿನಲ್ಲಿ ಸಿಕ್ಕಿಕೊಂಡಿರುತ್ತದೆ. ಅರ್ಧದಿಂದ ಒಂದು ವೋಲ್ಟ್ ಮಾತ್ರ ಬಂದರೆ ಫೀಲ್ಡ್ ಕಾಯಿಲಿನ (ಒಳಗೆ ಕಾಂತ ಹುಟ್ಟಿಸುವ ಸುರುಳಿ) ಮೇಲೆ ಅನುಮಾನ, ಯಾಕೆಂದರೆ ಕಬ್ಬಿಣದಲ್ಲಿ ಉಳಿದ ಕಾಂತ ಶಕ್ತಿಯಷ್ಟೇ ಕೆಲಸ ಮಾಡುತ್ತಿದೆ. ಐದಾರು ವೋಲ್ಟಿಗೆ ನಿಂತುಬಿಟ್ಟರೆ ಆರ್ಮೇಚರ್ (ಒಳಗೆ ತಿರುಗುವ ಸುರುಳಿ) ಸುಟ್ಟಿರಬಹುದು.

ಕಮ್ಯುಟೇಟರ್ (ಕಾರ್ಬನ್ ಒರಗುವ ತಾಮ್ರದ ಉರುಳೆ) ಕಪ್ಪಾಗಿದ್ದರೆ ನಯವಾದ ಉಪ್ಪುಕಾಗದದಲ್ಲಿ ತಿರುಗಿಸುತ್ತಾ ಉಜ್ಜಿ. ಎಮರಿ ಪೇಪರ್ ಬೇಡ, ಅದರ ಪುಡಿ ತಾಮ್ರದ ಪಟ್ಟಿಗಳ ನಡುವಿನ ಸಂದಿಯಲ್ಲಿ ಕೂತು ಕಾಟ ಕೊಡುತ್ತದೆ.

ಡೈನಮೋ ರಿಪೇರಿ ಮಾಡಿಸಿ ತಂದು ಹಾಕಿದೆ. ಈಗ ಆಂಪಿಯರ್ ಮುಳ್ಳು ಉಲ್ಟಾ ಹೋಗುತ್ತೆ, ಕಟೌಟ್ ಬಡ್ಕೊಳ್ಳುತ್ತೆ.

ಅದರೊಳಗಿನ ಕಾಂತದ ದಿಕ್ಕು ಉಲ್ಟಾ ಆಗಿದೆ. ಎಂಜಿನ್ ನಿಲ್ಲಿಸಿ. ಮೇಲೆ ಹೇಳಿದ ಡಿ, ಎಫ್ ಬಗೆಯ ಡೈನಮೋದಲ್ಲಿ ಎಫ್ ವೈರು ಬಿಚ್ಚಿಡಿ. ಬ್ಯಾಟರಿಯ ಬಾಡಿಗೆ ಹೋಗದ ಟರ್ಮಿನಲಿನಿಂದ ಒಂದು ವೈರು ತಂದು ಡೈನಮೋದ ಎಫ್ ಟರ್ಮಿನಲಿಗೆ ಒಂದೆರಡು ಸಲ ಚಕ್ ಅಂತ ಮುಟ್ಟಿಸಿ ತೆಗೆಯಿರಿ. ಸಣ್ಣ ಕಿಡಿ ಬರುತ್ತದೆ, ಅಷ್ಟೆ. ವೈರು ವಾಪಸ್ ಹಾಕಿ. ಎಫ್ ವೈರು ಬಿಚ್ಚದೆ ಮಾಡಿದರೆ ರೆಗ್ಯುಲೇಟರಿನ ಪಾಯಿಂಟ್ ಸುಡಬಹುದು. ಫೀಲ್ಡಿನ ಅರ್ಥಿಂಗ್ ರೆಗ್ಯುಲೇಟರಿನಲ್ಲಿ ಇರುವ ಬೇರೆ ಬಗೆಯ ಡೈನಮೋಗಳಿವೆ. ಅವಕ್ಕೆ ಈ ಕ್ರಮ ನಡೆಯುವುದಿಲ್ಲ, ಅವುಗಳ ಕೈಪಿಡಿಯಂತೆ ಮಾಡಿ.

ಎಂಜಿನ್ ಆಫ್ ಮಾಡಿದ ಮೇಲೂ ಡೈನಮೋ ಬಿಸಿಯಾಗಿ ವಾಸನೆ ಬರುತ್ತೆ!

ಓದುವುದು ಬಿಟ್ಟು ಮೊದಲು ಬ್ಯಾಟರಿ ಕೇಬಲ್ ಬಿಚ್ಚಿ. ಕಟೌಟ್ ಪಾಯಿಂಟ್ ಅಂಟಿಕೊಂಡಿದೆ. ಬ್ಯಾಟರಿ ಡೈನಮೋವನ್ನು ಮೋಟಾರಿನಂತೆ ತಿರುಗಿಸಲು ನೋಡುತ್ತಿದೆ, ಬೆಲ್ಟ್ ಹಿಡಿದಿರುವುದರಿಂದ ಅದು ತಿರುಗದೆ ಕಾಯುತ್ತಿದೆ. ಪಾಯಿಂಟ್ ಬಿಡಿಸಿ ಉಜ್ಜಿದರೆ ಸದ್ಯಕ್ಕೆ ನಡೆಯುತ್ತದೆ. ಒಂದು ಸಲ ಅಂಟಿದ್ದು ಮತ್ತೆ ಅಂಟುವುದೇ ಜಾಸ್ತಿ, ಹಾಗಾಗಿ ಡಬ್ಬಿ ಬದಲಿಸುವುದು ವಾಸಿ.

ಬ್ಯಾಟರಿ ನೀರು ವಾರಕ್ಕೊಮ್ಮೆ ಇಳಿಯುತ್ತೆ. ಬಲ್ಬೂ ಪದೇ ಪದೇ ಹೋಗುತ್ತೆ.

ಚಾರ್ಜ್ ಜಾಸ್ತಿಯಾಗಿದೆ. ರೇಸ್ ಮಾಡಿದಾಗ 15 ವೋಲ್ಟ್ ದಾಟಿದರೆ ರೆಗ್ಯುಲೇಟರ್ ತಡೆಯುತ್ತಿಲ್ಲ. ಹೊಸದು ತರುವ ಮುಂಚೆ ಅದರ ಅರ್ಥಿಂಗ್ ನೋಡಿ. ಅರ್ಥಿಂಗ್ ಮೂಲಕವೇ ಅದು ವೋಲ್ಟ್ ಅಳೆಯುತ್ತದೆ. ಅಲ್ಲಿ ತುಕ್ಕಿದ್ದರೆ "ಇನ್ನೂ ಕಮ್ಮಿ ಇದೆ" ಅಂದುಕೊಂಡು ಜಾಸ್ತಿ ಚಾರ್ಜ್ ಮಾಡಿಸುತ್ತದೆ. ಒಂದೇ ಸೆಲ್ಲಿನಲ್ಲಿ ಮಾತ್ರ ನೀರು ಇಳಿಯುತ್ತಿದ್ದರೆ ಆ ಸೆಲ್ ಹೋಗಿದೆ, ಇಲ್ಲವೇ ಬ್ಯಾಟರಿ ಡಬ್ಬ ಬಿರುಕು ಬಿಟ್ಟಿದೆ.

ಆಲ್ಟರ್ನೇಟರ್ ಹೊಸದು, ಆದ್ರೂ ಚಾರ್ಜ್ ಇಲ್ಲ.

ಕೀ ಆನ್ ಮಾಡಿದಾಗ ಚಾರ್ಜಿಂಗ್ ದೀಪ ಉರಿಯುತ್ತದಾ? ಉರಿಯದಿದ್ದರೆ ಅದೇ ಕಾರಣ ಇರಬಹುದು. ಹಳೆ ಗಾಡಿಗಳಲ್ಲಿ ಆ ಪುಟ್ಟ ಬಲ್ಬು ಬರೀ ಸೂಚನೆಗಲ್ಲ. ಆಲ್ಟರ್ನೇಟರ್ ಎಚ್ಚರಗೊಳ್ಳಲು ಬೇಕಾದ ಮೊದಲ ಕರೆಂಟು ಅದರ ಮೂಲಕವೇ ಹೋಗುತ್ತದೆ. ಬಲ್ಬು ಸುಟ್ಟರೆ, ಅಥವಾ ಅಂದಕ್ಕೆಂದು ಎಲ್‌ಇಡಿ ಹಾಕಿದರೆ, ಹೊಸ ಆಲ್ಟರ್ನೇಟರೂ ಮಲಗೇ ಇರುತ್ತದೆ.

## ಲೈಟು, ಫ್ಯೂಸು, ಮೀಟರು

ಹೆಡ್‌ಲೈಟ್ ಮಂಕು. ಇಂಡಿಕೇಟರ್ ಹಾಕಿದ್ರೆ ಪಾರ್ಕಿಂಗ್ ಲೈಟೂ ಮಿಣಕ್ ಮಿಣಕ್ ಅನ್ನುತ್ತೆ. ಭೂತ ಹೊಕ್ಕಿದೆಯಾ?

ಭೂತದ ಹೆಸರು ಅರ್ಥಿಂಗ್. ದೀಪದ ಡಬ್ಬಿ ತುಕ್ಕು ಹಿಡಿದು ಬಾಡಿಗೆ ದಾರಿ ಸಿಗದಿದ್ದಾಗ, ಕರೆಂಟು ಪಕ್ಕದ ಬಲ್ಬಿನ ಮೂಲಕ ನುಸುಳಿ ವಾಪಸ್ ಹೋಗುತ್ತದೆ. ಆಗ ಸಂಬಂಧವಿಲ್ಲದ ದೀಪ ಮಿನುಗುತ್ತದೆ. ಒಂದು ಉದ್ದ ವೈರಿನ ಒಂದು ತುದಿ ಬ್ಯಾಟರಿಯ ಅರ್ಥಿಂಗ್ ಟರ್ಮಿನಲಿಗೆ, ಇನ್ನೊಂದು ಮಂಕು ದೀಪದ ಡಬ್ಬಿಗೆ ಮುಟ್ಟಿಸಿ. ಝಗ್ ಅಂದರೆ ಸಿಕ್ಕಿತು. ಆ ವೈರನ್ನೇ ಖಾಯಂ ಮಾಡಿಬಿಡಿ. ಮಡ್‌ಗಾರ್ಡಿನ ಬೋಲ್ಟನ್ನು ನಂಬಿ ಕೂರುವುದಕ್ಕಿಂತ ಪ್ರತಿ ದೀಪಕ್ಕೂ ಒಂದು ಅರ್ಥಿಂಗ್ ವೈರು ಎಳೆಯುವುದು ನನಗಿಷ್ಟ.

ಟ್ರೈಲರ್ ಜೋಡಿಸಿದಾಗ ಮಾತ್ರ ಹೀಗಾದರೆ ಸಾಕೆಟ್ಟಿನ ಅರ್ಥಿಂಗ್ ಪಿನ್ ನೋಡಿ. ಏಳು ಪಿನ್ನಿನ ಸಾಕೆಟ್ಟಿನಲ್ಲಿ ಅದು 3ನೆಯದು, ಬಿಳಿ ವೈರು. ಅದು ಇಲ್ಲದಿದ್ದರೆ ಕರೆಂಟು ಕೊಕ್ಕೆ ಮತ್ತು ಪಿನ್ನಿನ ಮೂಲಕ ವಾಪಸ್ ಬರುತ್ತದೆ, ಗಾಡಿ ಕುಲುಕಿದಾಗೆಲ್ಲ ದೀಪವೂ ಕಣ್ಣು ಮಿಟುಕಿಸುತ್ತದೆ.

ಫ್ಯೂಸ್ ಹಾಕಿದ ಕೂಡ್ಲೇ ಹಾರುತ್ತೆ. ಶಾರ್ಟ್ ಎಲ್ಲಿದೆ ಅಂತ ಹುಡುಕೋದು ಹೇಗೆ?

ಫ್ಯೂಸ್ ಜಾಗದಲ್ಲಿ ಟೆಸ್ಟ್ ಲ್ಯಾಂಪಿನ ಎರಡು ತುದಿ ಸಿಕ್ಕಿಸಿ. ಶಾರ್ಟ್ ಇದ್ದರೆ ಅದು ಪೂರ್ತಿ ಉರಿಯುತ್ತದೆ, ಏನೂ ಸುಡುವುದಿಲ್ಲ. ಈಗ ಅದನ್ನು ನೋಡುತ್ತಾ ವೈರಿನ ಕಟ್ಟನ್ನು ಅಲ್ಲಲ್ಲಿ ಅಲ್ಲಾಡಿಸಿ, ಒಂದೊಂದೇ ಕನೆಕ್ಷನ್ ಬಿಚ್ಚಿ. ಮಂಕಾದ ಅಥವಾ ಆರಿದ ಕ್ಷಣ ನಿಮ್ಮ ಕೈ ಎಲ್ಲಿದೆಯೋ ಅಲ್ಲೇ ತಪ್ಪು. ಕಬ್ಬಿಣದ ಅಂಚಿಗೆ ವೈರು ಉಜ್ಜುವ ಜಾಗ, ಸ್ಟೀರಿಂಗ್ ಕಂಬದ ಬುಡ, ಸೈಲೆನ್ಸರ್ ಪಕ್ಕ, ಬಾನೆಟ್ ಒಳಗೆ ಇಲಿ ಗೂಡು ಕಟ್ಟುವ ಮೂಲೆ, ಇವನ್ನು ಮೊದಲು ನೋಡಿ. ಫ್ಯೂಸ್ ಬದಲು ಬೆಳ್ಳಿ ಕಾಗದ, ಮೊಳೆ ಹಾಕಬೇಡಿ. ಆಗ ವೈರೇ ಫ್ಯೂಸ್ ಆಗುತ್ತದೆ.

ಟೆಂಪರೇಚರ್ ಮೀಟರ್ ಮುಳ್ಳು ಅಲ್ಲಾಡಲ್ಲ. ಆಯಿಲ್ ದೀಪವೂ ಉರಿಯಲ್ಲ.

ವೈರಿನಿಂದ ನಡೆಯುವ ಮೀಟರ್ ಆದರೆ ಕೀ ಆನ್ ಮಾಡಿ, ಎಂಜಿನ್ ಮೇಲಿನ ಸೆನ್ಸರ್ ವೈರು ಕಳಚಿ, ಬಾಡಿಗೆ ಒಂದು ಕ್ಷಣ ಮುಟ್ಟಿಸಿ. ಮುಳ್ಳು ಏರಿದರೆ ಮೀಟರ್, ವೈರು ಸರಿ, ಸೆನ್ಸರ್ ಹೋಗಿದೆ. ಆಯಿಲ್ ದೀಪಕ್ಕೂ ಇದೇ ಪರೀಕ್ಷೆ. ಮೀಟರಿನಿಂದ ಎಂಜಿನ್ನಿಗೆ ವೈರಿನ ಬದಲು ತೆಳು ತಾಮ್ರದ ಕೊಳವೆ ಬಂದಿದ್ದರೆ ಅದು ಕರೆಂಟಿನದ್ದಲ್ಲ, ಕತ್ತರಿಸಬೇಡಿ.

## ಸ್ವಲ್ಪ ಮುಂದುವರಿದವರಿಗೆ

ಡೈನಮೋ ತೆಗೆದು ಆಲ್ಟರ್ನೇಟರ್ ಹಾಕಬಹುದಾ? 6 ವೋಲ್ಟ್ ಗಾಡಿಯನ್ನ 12 ಮಾಡಬಹುದಾ?

ಮಾಡಬಹುದು. ಆಲ್ಟರ್ನೇಟರ್ ಸ್ಲೋದಲ್ಲೂ ಚಾರ್ಜ್ ಮಾಡುತ್ತದೆ, ರಾತ್ರಿ ಉಳುವವರಿಗೆ ಅನುಕೂಲ. ಗಾಡಿ ಪಾಸಿಟಿವ್ ಅರ್ಥಿಂಗ್ ಆಗಿದ್ದರೆ ಮೊದಲು ಅದನ್ನು ಮೈನಸ್ಸಿಗೆ ಬದಲಿಸಬೇಕು, ಆಂಪಿಯರ್ ಮೀಟರಿನ ಎರಡು ವೈರು ಅದಲುಬದಲು ಮಾಡಬೇಕು. ಹಳೆ ಕಟೌಟ್ ಡಬ್ಬಿಯನ್ನು ಸರ್ಕ್ಯೂಟಿನಿಂದ ಹೊರಗಿಡಬೇಕು. ಸಾಮಾನ್ಯ ಡೈನಮೋ 20 ಆಂಪಿಯರ್ ಸುತ್ತಮುತ್ತ ಕೊಡುತ್ತಿತ್ತು. ಆಲ್ಟರ್ನೇಟರ್ ಅದರ ಎರಡು ಪಟ್ಟು ಸುಲಭವಾಗಿ ಕೊಡುತ್ತದೆ. ಹಳೆ ತೆಳು ವೈರು, 30 ಆಂಪಿಯರಿನ ಮೀಟರ್ ಅದನ್ನು ತಡೆಯುವುದಿಲ್ಲ. ಬ್ಯಾಟರಿಗೆ ನೇರವಾಗಿ ದಪ್ಪ ವೈರು ಎಳೆಯಿರಿ.

6ರಿಂದ 12ಕ್ಕೆ ಹೋದರೆ ಬಲ್ಬು, ಹಾರ್ನು, ಕಾಯಿಲ್, ಮೀಟರುಗಳು ಎಲ್ಲ ಬದಲಾಗಬೇಕು. ಸೆಲ್ಫ್ ಮೋಟಾರ್ ಮಾತ್ರ ಹೆಚ್ಚಾಗಿ ತಡೆದುಕೊಳ್ಳುತ್ತದೆ, ಚಿಕ್ಕ ಚಿಕ್ಕದಾಗಿ ಹೊಡೆದರೆ. ಆದರೆ ಒಂದು ಮಾತು. 6 ವೋಲ್ಟ್ ಸೆಲ್ಫ್ ನಿಧಾನ ಅಂತ ದೂರುವವರ ಗಾಡಿಯಲ್ಲಿ ಎಷ್ಟೋ ಸಲ 12 ವೋಲ್ಟಿನ ತೆಳು ಕೇಬಲ್ ಇರುತ್ತದೆ. ವೋಲ್ಟ್ ಅರ್ಧ ಅಂದರೆ ಅದೇ ಕೆಲಸಕ್ಕೆ ಕರೆಂಟು ಎರಡು ಪಟ್ಟು. ಕೇಬಲ್ ಇನ್ನೂ ದಪ್ಪ ಬೇಕು. ಮೊದಲು ಅದನ್ನು ಬದಲಿಸಿ ನೋಡಿ, ಆಮೇಲೆ 12ರ ಮಾತು.

ವೈರಿಂಗ್ ಪೂರ್ತಿ ಹೊಸದು ಮಾಡಬೇಕು. ಎಷ್ಟು ದಪ್ಪದ ವೈರು?

ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್. 55 ವ್ಯಾಟಿನ ಎರಡು ಹೆಡ್‌ಲೈಟ್ ಅಂದರೆ 110 ಭಾಗಿಸು 12, ಸುಮಾರು 9 ಆಂಪಿಯರ್. ಅದಕ್ಕೆ 2.5 ಚದರ ಮಿ.ಮೀ. ವೈರು, 15 ಆಂಪಿಯರ್ ಫ್ಯೂಸ್ ಹಾಕಿ. ಇಂಡಿಕೇಟರ್, ಹಿಂದಿನ ದೀಪಕ್ಕೆ 1 ಅಥವಾ 1.5 ಸಾಕು. ಸೆಲ್ಫ್ ಕೇಬಲ್ 12 ವೋಲ್ಟಿಗೆ 50 ಅಥವಾ 70 ಚದರ ಮಿ.ಮೀ. ಇರಲಿ. ಅರ್ಥಿಂಗ್ ಕೇಬಲ್ ಅಷ್ಟೇ ದಪ್ಪ ಇರಬೇಕು, ಹೋದಷ್ಟೇ ಕರೆಂಟು ವಾಪಸ್ ಬರಬೇಕಲ್ಲ. ಮನೆ ವೈರಿಂಗಿನ ಒಂದೇ ಕಡ್ಡಿಯ ವೈರು ಬೇಡ, ಅದು ಕುಲುಕಾಟಕ್ಕೆ ಮುರಿಯುತ್ತದೆ. ಹಲವು ಎಳೆಯದ್ದೇ ಬೇಕು.

ಒಮ್ಮೆಗೇ ಎಲ್ಲ ಕಿತ್ತು ಹಾಕಬೇಡಿ. ಒಂದು ವೈರು ತೆಗೆದು ಅದರ ಜಾಗಕ್ಕೆ ಒಂದು ಹಾಕಿ, ಪರೀಕ್ಷಿಸಿ, ಮುಂದಿನದಕ್ಕೆ ಹೋಗಿ. ಮುಟ್ಟುವ ಮುಂಚೆ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ಟ್ರ್ಯಾಕ್ಟರಿಗೆ ವೆಲ್ಡಿಂಗ್ ಮಾಡಿಸಬೇಕು. ಏನಾದ್ರೂ ಬಿಚ್ಚಬೇಕಾ?

ಬ್ಯಾಟರಿಯ ಎರಡೂ ಕೇಬಲ್, ಆಲ್ಟರ್ನೇಟರಿನ ಎಲ್ಲ ವೈರು ಬಿಚ್ಚಿ. ವೆಲ್ಡಿಂಗಿನ ಅರ್ಥಿಂಗ್ ಕ್ಲ್ಯಾಂಪನ್ನು ಬೆಸೆಯುವ ಜಾಗದ ಪಕ್ಕದಲ್ಲೇ, ಉಜ್ಜಿದ ಕಬ್ಬಿಣಕ್ಕೆ ಹಾಕಿಸಿ. ಹಿಂದೆ ಬೆಸೆಯುತ್ತಾ ಕ್ಲ್ಯಾಂಪ್ ಮುಂದೆ ಹಾಕಿದರೆ ಆ ಕರೆಂಟು ಬೇರಿಂಗುಗಳ ಮೂಲಕ ಹಾದು ಅವುಗಳ ಮೇಲೆ ಸಣ್ಣ ಸಣ್ಣ ಗುಳಿ ಬೀಳಿಸುತ್ತದೆ. ಮುಗಿದ ಮೇಲೆ ಬಿಸಿ ಆರಲು ಬಿಟ್ಟು, ಅರ್ಥಿಂಗ್ ಕೇಬಲ್ ಕೊನೆಗೆ ಹಾಕಿ.